ಗೋಡೆಯ ಮೇಲೆ ಬೆಳೆದ ತೊಗರಿ

ನನಗೆ ಮೊದಲಿನಿಂದಲೂ ಸಿಟ್ಟು ಮೂಗಿನ ತುದಿಯಲ್ಲೇ. ವಯಸ್ಸಾದ ಮೇಲೆ ಅದು ಸ್ವಲ್ಪ ಇಳಿದಿದೆ ಎಂದು ಮನೆಯವರು ಹೇಳುತ್ತಾರೆ, ನಾನೇನೂ ಒಪ್ಪಿಲ್ಲ. ಅದೇ ಸಿಟ್ಟು ಕಟ್ಟಿಕೊಂಡು ನಾನು ಮಾಸ್ತರಿಕೆಗೆ ಹೋದದ್ದು, ಹೈದರಾಬಾದ್ ರಾಜ್ಯದಲ್ಲಿ ಪೊಲೀಸ್ ಕಾರ್ಯಾಚರಣೆಯಾಗಿ ಐದಾರು ವರ್ಷ ಕಳೆದಿದ್ದ ಕಾಲದಲ್ಲಿ. ನಿಜಾಮರ ಕಾಲದ ಉರ್ದು ಶಾಲೆಗಳು ಒಂದೊಂದಾಗಿ ಕನ್ನಡಕ್ಕೆ ಹೊರಳುತ್ತಿದ್ದವು. ಕನ್ನಡ ಓದಿ ಬರೆಯಬಲ್ಲವರು ಸಿಗದೆ ಸರ್ಕಾರ ಹಾದಿಯಲ್ಲಿ ಹೋಗುವವರನ್ನೆಲ್ಲ ಹಿಡಿದು ಕೆಲಸ ಕೊಡುತ್ತಿತ್ತು. ಹಾಗೆ ಸಿಕ್ಕಿಬಿದ್ದವಳು ನಾನು. ಹುಟ್ಟಿದ್ದು ಶಹಾಬಾದಿನಲ್ಲಿ, ಕನ್ನಡ ಕಲಿತದ್ದು ವಿಜಾಪುರದ ಕಡೆ ಅಜ್ಜನ ಮನೆಯಲ್ಲಿದ್ದುಕೊಂಡು. ಏಳನೆಯ ಇಯತ್ತೆ ಪಾಸಾಗಿದ್ದೆ, ಅದೇ ನನ್ನ ದೊಡ್ಡ ಪದವಿ. ಮಳಖೇಡ ಮತ್ತು ಸೇಡಂ ನಡುವೆ, ಕಾಗಿಣಾ ದಂಡೆಯ ಒಂದು ಹಳ್ಳಿಗೆ ಹಾಕಿದರು.

ಶಾಲೆ ಎಂದರೆ ಒಂದು ಉದ್ದನೆಯ ಕೋಣೆ, ಮುಂದೆ ಒಂದು ಕಟ್ಟೆ. ನೆಲಕ್ಕೆ ನಮ್ಮೂರಿನ ಫರಸಿಕಲ್ಲು ಹಾಸಿದ್ದರು. ಅದನ್ನು ನೋಡಿ ತವರಿನವರು ಯಾರೋ ಬಂದು ಕುಳಿತಂತೆ ನನಗೆ ಸಮಾಧಾನವಾಯಿತು. ಒಬ್ಬರೇ ಹೆಡ್‌ಮಾಸ್ತರರು. ಐವತ್ತರ ಆಚೆಯವರು. ಹಣೆಯ ಮೇಲೆ ಅಗಲವಾದ ವಿಭೂತಿ, ಕೈಯಲ್ಲಿ ಉರ್ದು. ಆ ಶಾಲೆಯನ್ನು ಒಂದು ದನದ ಕೊಟ್ಟಿಗೆಯಲ್ಲಿ ಶುರು ಮಾಡಿ, ಊರವರ ಕೈಕಾಲು ಹಿಡಿದು ಕೋಣೆ ಕಟ್ಟಿಸಿದವರು ಅವರೇ. ಉರ್ದು ಬರೆದರೆ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದರು. ಬೆಳಗ್ಗೆ ಪ್ರಾರ್ಥನೆಗೆ ವಚನ ಹಾಡಲು ನಿಂತರೆಂದರೆ ಒಂದಾದ ಮೇಲೊಂದು ಬಾಯಿಂದ ಇಳಿಯುತ್ತಿದ್ದವು, ಹುಡುಗರು ಹಸಿದು ಚಡಪಡಿಸುವ ತನಕ ನಿಲ್ಲುತ್ತಿರಲಿಲ್ಲ. ಆದರೆ ಅದೇ ವಚನವನ್ನು ಪುಸ್ತಕದಲ್ಲಿ ತೋರಿಸಿದರೆ ಒಂದಕ್ಷರ ಗುರುತು ಹಿಡಿಯರು. ಮನೆಮಾತು ಕನ್ನಡ, ಪೂಜೆ ಕನ್ನಡ, ಬೈಗುಳ ಕನ್ನಡ, ಬರಹ ಮಾತ್ರ ಉರ್ದು. ಆಗ ನಮ್ಮ ಕಡೆ ಇಂಥವರೇ ಎಲ್ಲ ಕಡೆ ಇದ್ದರು, ಅದರಲ್ಲಿ ಯಾರಿಗೂ ಏನೂ ವಿಚಿತ್ರ ಕಂಡಿರಲಿಲ್ಲ.

ನಾನು ಹೋದ ಹೊಸದರಲ್ಲೇ ಸೇಡಂ ಕಚೇರಿಯಿಂದ ಒಂದು ಹುಕುಂ ಬಂತು. ಪ್ರತಿ ಶಾಲೆಯೂ ವರ್ಷದ ಗುರಿ ಹಾಕಿಕೊಳ್ಳಬೇಕು. ಪ್ರತಿ ಮಗು ಎಲ್ಲಿತ್ತು, ಎಲ್ಲಿಗೆ ಬಂತು ಎನ್ನುವುದನ್ನು ಕಾಣುವ ಹಾಗೆ ಗುರುತು ಹಾಕುತ್ತ ಹೋಗಬೇಕು. ವರ್ಷದ ಕೊನೆಗೆ ತಪಾಸಣೆಗೆ ಸಾಹೇಬರು ಬಂದು ಕನ್ನಡ ಓದಿಸಿ ನೋಡುತ್ತಾರೆ. ಕನ್ನಡ ಬೆಳೆಸಿರಿ ಎನ್ನುವ ಆ ಹುಕುಂ ಪೂರ್ತಿ ಉರ್ದುವಿನಲ್ಲಿತ್ತು! ನನಗೆ ಉರ್ದು ಬಾರದು, ಆದ್ದರಿಂದ ಹೆಡ್‌ಮಾಸ್ತರರೇ ಓದಿ ಹೇಳಿದರು. ಕೊನೆಯ ಕಲಮಿಗೆ ಬಂದಾಗ ಅವರ ದನಿ ಸಣ್ಣದಾಯಿತು.

"ಮಾಸ್ತರಗೋಳ ಮಾತೂ ಅದರಿ ಇದರಾಗ. ಹುಡುಗರ ಜೋಡಿ ನಾವೂ ಕನ್ನಡ ಓದಿ ತೋರಿಸಬೇಕಂತ. ಓದಲಿಲ್ಲಂದ್ರ ಹೆಡ್‌ಮಾಸ್ತರಿಕಿ ತಗದು ಬ್ಯಾರೆ ಊರಿಗಿ ಹಾಕ್ತಾರಂತ."

ಆ ಕಲಮನ್ನು ಅವರು ನುಂಗಿಕೊಂಡಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ಆದರೆ ಓದಿದರು. ಓದಿ, ಕಾಗದ ಮಡಚಿ, "ಈ ಸಾಲಿ ಬಿಟ್ಟು ನಾ ಎಲ್ಲಿಗಿ ಹೋಗಲಿ?" ಎಂದು ಗೋಡೆಯನ್ನು ಕೇಳಿದರು. ಅವರು ಹೋದರೆ ಆ ಕುರ್ಚಿ ನನಗೆ ಎಂದು ಊರಲ್ಲಿ ಅದಾಗಲೇ ಯಾರೋ ಆಡಿಕೊಂಡಿದ್ದರು. ಆ ಕುರ್ಚಿಯ ತುಂಬ ತಿಗಣೆ ಇದ್ದವು, ಬೇಕಾದವರು ಹೊತ್ತುಕೊಂಡು ಹೋಗಲಿ ಎಂದು ನಾನು ಕಟ್ಟೆಯ ಮೇಲೆ ನಿಂತು ಗಟ್ಟಿಯಾಗಿಯೇ ಹೇಳಿದೆ. ಆಮೇಲೆ ಹೆಡ್‌ಮಾಸ್ತರರ ಕಡೆ ತಿರುಗಿ, "ನಾಳೆಯಿಂದ ನೀವೂ ಮೂರನೇ ಇಯತ್ತೆಯೊಳಗ ಕುಂದರ್ರಿ" ಎಂದೆ. ಕುಳಿತರು. ಖರೇ ಹೇಳುತ್ತೇನೆ, ಇಷ್ಟು ಸುಲಭಕ್ಕೆ ಒಪ್ಪುತ್ತಾರೆಂದು ನಾನು ಅಂದುಕೊಂಡಿರಲಿಲ್ಲ.

ಗುರಿಯೇನೋ ಹಾಕಿದೆವು. ಪಂಚಮಿಗೆ ಅಕ್ಷರಮಾಲೆ, ದೀವಳಿಗೆಗೆ ಕಾಗುಣಿತ, ಎಳ್ಳಮಾಸಿಗೆ ಒತ್ತಕ್ಷರ, ಹೋಳಿಗೆ ಪಾಠ ಓದುವುದು. ಗುರುತು ಹಾಕುವುದು ಹೇಗೆ? ಹುಡುಗರ ಅಪ್ಪಂದಿರಿಗೆ ಕಾಗದದ ಮೇಲೆ ಬರೆದು ತೋರಿಸಿದರೆ ಏನು ತಿಳಿಯಬೇಕು? ನಾನು ಸುಣ್ಣ ಬಳಿದ ಗೋಡೆಯ ಮೇಲೆ ಕೆಮ್ಮಣ್ಣಿನಿಂದ ಮಗುವಿಗೊಂದು ತೊಗರಿ ಗಿಡ ಬರೆದೆ. ಅಕ್ಷರ ಬಂದರೆ ಎಲೆ, ಕಾಗುಣಿತ ಬಂದರೆ ಟೊಂಗೆ, ಒತ್ತಕ್ಷರ ಬಂದರೆ ಹೂವು, ಒಂದು ಪಾಠ ಓದಿದರೆ ಒಂದು ಕಾಯಿ. ಬಾಗಿಲ ಪಕ್ಕದಲ್ಲಿ ಒಂದು ಮೂಲೆ ಉಳಿದಿತ್ತು. ಹೆಡ್‌ಮಾಸ್ತರರು ಅಲ್ಲಿ ಬೆರಳಿಟ್ಟು, "ಇಲ್ಲಿ ನಂದು ಒಂದು ನೆಡ್ರಿ" ಎಂದರು.

ತೊಗರಿ ಬರೆದದ್ದೇ ತಡ, ಊರಿಗೆ ಊರೇ ಗೋಡೆ ನೋಡಲು ಬಂತು. ಹೊಲದಿಂದ ಬಂದವರು ಎತ್ತು ಹೊರಗೆ ನಿಲ್ಲಿಸಿ ಒಳಗೆ ಇಣುಕುವರು. ಓದು ಬರಹ ಅರಿಯದಿದ್ದರೂ ಬೆಳೆ ನೋಡಿ ಹೇಳುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. "ಅಕ್ಕೋರ, ನಮ್ ಪೋರನ ಗಿಡಕ್ಕ ಏನು ರೋಗ ಬಡದದ? ಎಲಿನೇ ಇಲ್ಲಲ್ಲ!" ಎಂದು ಒಬ್ಬ. "ಬಿತ್ತಿದ್ದು ತಡ ಆಗ್ಯದ, ಸಾಲಿಗಿ ದಿನಾ ಕಳಸಪಾ" ಎಂದು ಇನ್ನೊಬ್ಬ. ಹೆಡ್‌ಮಾಸ್ತರರ ಗಿಡದ ಮುಂದೆ ನಿಂತು ನಗುವವರೇ ಹೆಚ್ಚು. "ದೊಡ್ಡ ಮಾಸ್ತರ್ರ, ನಿಮ್ಮ ಗಿಡ ಗಿಡ್ಡಾಗೇ ಉಳೀತಲ್ರಿ" ಅಂದರೆ ಅವರು, "ಮಳಿ ಆಗಲಿ ತಡೀರಿ" ಅನ್ನುವರು. ಯಾವ ಮಗು ಹಿಂದೆ ಬಿದ್ದಿದೆ ಎನ್ನುವುದು ಎಲ್ಲರ ಕಣ್ಣಿಗೆ ಬಿದ್ದದ್ದರಿಂದ ಹಾಜರಿ ತಾನಾಗಿ ಏರಿತು.

ದೀವಳಿಗೆ ಕಳೆಯುತ್ತಿದ್ದಂತೆ ನನ್ನ ಗೋಡೆ ತುಂಬತೊಡಗಿತು. ಒಬ್ಬೊಬ್ಬರೇ ಎದ್ದು ನಿಂತು ಪುಸ್ತಕ ಹಿಡಿದು ಪಾಠಕ್ಕೆ ಪಾಠ ಗಳಗಳ ಓದುವರು. ಹೊಲದ ತೊಗರಿಗಿಂತ ಮೊದಲು ನಮ್ಮ ಗೋಡೆಯ ತೊಗರಿ ಕಾಯಿ ಬಿಟ್ಟಿತು. ಹೆಡ್‌ಮಾಸ್ತರರ ಗಿಡದಲ್ಲಿಯೂ ಕಾಯಿಯೋ ಕಾಯಿ. ನಾನು ಹಿಗ್ಗಿ ಹೀರೇಕಾಯಿಯಾದೆ. ಇಷ್ಟು ಬೇಗ ಗುರಿ ಮುಟ್ಟಿದ ಶಾಲೆ ತಾಲೂಕಿನಲ್ಲೇ ಇರಲಿಕ್ಕಿಲ್ಲ ಎಂದು ಶಹಾಬಾದಿಗೆ ಹೋದಾಗ ಅವ್ವನ ಮುಂದೆ ಕೊಚ್ಚಿಕೊಂಡು ಬಂದೆ.

ಎಳ್ಳಮಾಸಿ ಮುಗಿದು, ಹೊಲದಲ್ಲಿ ಕೊಯ್ಲು ನಡೆದಿದ್ದ ದಿನಗಳು. ಅಂಬಿಗರ ಮನೆಯ ಒಬ್ಬಳು ಹುಡುಗಿಯಿದ್ದಳು. ಅಪ್ಪ ಕಾಗಿಣಾದಲ್ಲಿ ಹರಗೋಲು ಹಾಕುತ್ತಿದ್ದ. ಎಲ್ಲರಿಗಿಂತ ಚುರುಕು, ಎಲ್ಲರಿಗಿಂತ ಬಾಯಿ ಜೋರು. ಅವಳ ಗಿಡ ನೋಡಿದರೆ ಕಾಯಿಯ ಭಾರಕ್ಕೆ ಬಾಗಬೇಕು, ಹಾಗಿತ್ತು. ಅಂದು ಬಾಗಿಲ ಬಳಿ ನಿಂತು ಕಾಗೆಯ ಪಾಠ ಓದುತ್ತಿದ್ದಳು. ಹೊರಗಿಂದ ಗಾಳಿ ಬೀಸಿ ಪುಸ್ತಕದ ಹಾಳೆಗಳು ಪಟಪಟ ಮಗುಚಿದವು. ಅವಳ ಓದು ಮಾತ್ರ ನಿಲ್ಲಲಿಲ್ಲ. ಕಾಗೆ ಹಾರಿತು, ಕಾಗೆ ಕೊಂಬೆಯ ಮೇಲೆ ಕೂತಿತು ಎಂದು ಸರಾಗ ಹೋಗುತ್ತಿದ್ದಾಳೆ, ತೆರೆದ ಪುಟದಲ್ಲಿ ನೋಡಿದರೆ ರೈಲುಗಾಡಿಯ ಚಿತ್ರ.

"ಕಾಗಿ ಎಲ್ಲದ, ತೋರಸು" ಎಂದೆ.

ಪುಸ್ತಕ ನೋಡಿದಳು. ಒಂದಿಷ್ಟೂ ಗಾಬರಿಯಾಗಲಿಲ್ಲ. ರೈಲಿನ ಹೊಗೆಯ ಮೇಲೆ ಬೆರಳಿಟ್ಟು, "ಇದರೊಳಗ ಕುಂತದರಿ ಅಕ್ಕೋರ. ಹೊಗಿ ಭಾಳ ಅದ, ಕಾಣವಲ್ದು" ಎಂದಳು.

ನಗಬೇಕೋ ಬಾರಿಸಬೇಕೋ ತಿಳಿಯಲಿಲ್ಲ. ಒಬ್ಬೊಬ್ಬರನ್ನೇ ಎಬ್ಬಿಸಿ ಪುಟದ ನಟ್ಟನಡುವೆ ಬೆರಳಿಟ್ಟು ಕೇಳಿದೆ. ಎಲ್ಲರದೂ ಅದೇ ಕಥೆ. ಪಾಠದ ಮೊದಲಿಂದ ಶುರು ಮಾಡಿದರೆ ಹರಿಯುವ ನೀರು, ನಡುವಿನ ಒಂದು ಶಬ್ದ ಕೇಳಿದರೆ ಮಿಕಮಿಕ ನೋಡುವುದು. ಇಡೀ ಪುಸ್ತಕ ಬಾಯಿಪಾಠ! ಅವರ ತಪ್ಪೆಂದು ಹೇಳುವುದಾದರೂ ಹೇಗೆ? ಆ ಊರಲ್ಲಿ ವಚನ, ಭಜನೆ, ಬೀಸುವ ಪದ, ಎಲ್ಲ ಕಿವಿಯಿಂದ ಬಾಯಿಗೆ ದಾಟಿ ಬಂದವು. ತಪ್ಪಿಲ್ಲದೆ ಹೇಳಿದರೆ ಓದಿದ ಹಾಗೆ ಎಂದೇ ಎಲ್ಲರ ತಿಳಿವಳಿಕೆ. ಹುಡುಗಿಯ ಅಪ್ಪನನ್ನು ಕರೆಸಿ ಹೇಳಿದರೆ ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ. "ಬಾಯಾಗ ಬಂತಂದ ಮ್ಯಾಲ ಪುಸ್ತಕ ಯಾಕ ಬೇಕ್ರಿ ಅಕ್ಕೋರ? ದಂಡಿ ಮುಟ್ಟಿದ ಮ್ಯಾಲ ಯಾರರೇ ಹರಗೋಲು ಹೊತಗೊಂಡು ಅಡ್ಡಾಡತಾರೇನು?"

ಅವನನ್ನು ಕಳಿಸಿ ಹೆಡ್‌ಮಾಸ್ತರರ ಕಡೆ ತಿರುಗಿದೆ. ಅವರು ತಲೆ ಕೆಳಗೆ ಹಾಕಿಕೊಂಡು ಕೂತಿದ್ದರು.

"ಮಾಸ್ತರ್ರ, ನಿಮ್ಮದೂ ಹಿಂಗೇ ಏನು?"

"ಹೂಂನ್ರಿ" ಎಂದರು. "ಹುಡುಗರು ಓದೂದು ದಿನಾ ಕೇಳಿ ಕೇಳಿ ಬಂದುಬಿಡ್ತು. ಓದಲಿಕತ್ತೀನಿ ಅಂತ ನನಗೂ ಅನಸತಿತ್ತು. ಈಗ ನೀವು ನಡಕ ಬೆರಳಿಟ್ಟ ಮ್ಯಾಲ ಗೊತ್ತಾತು."

ಸಿಟ್ಟು ನೆತ್ತಿಗೇರಿತು. ಕೈಯಲ್ಲಿದ್ದ ಸುಣ್ಣದ ಕಡ್ಡಿ ಎಸೆದೆ. ಈ ಗೋಡೆಗೆ ಇವತ್ತೇ ಸುಣ್ಣ ಬಳಿಯಿರಿ, ಒಂದು ಕಾಯಿಯೂ ಉಳಿಯಬಾರದು ಎಂದು ಕೂಗಾಡಿದೆ. ಸಣ್ಣ ಮಕ್ಕಳು ಅಳಲಿಕ್ಕೆ ಶುರು ಮಾಡಿದವು. ಹೆಡ್‌ಮಾಸ್ತರರು ಎದ್ದು ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತರು.

"ಬಳೀಬ್ಯಾಡ್ರಿ. ಗಿಡ ಖರೇ ಅದಾವ, ಎಲಿ ಖರೇ ಅದಾವ. ಕಾಯಿ ಅಷ್ಟೇ ಜೊಳ್ಳು. ಜೊಳ್ಳಾದ್ರ ಯಾರರೇ ಗಿಡ ಕಿತ್ತು ಒಗೀತಾರೇನು? ಒಳಗ ಕಾಳು ತುಂಬಸೂಣು. ಹಿಂದ ಎಂದೂ ಕಾಣಲಾರದ್ದು ಓದಿದವರಿಗೆ ಒಂದು ಕಾಳು. ಬಾಯಾಗ ಬರೂದು ಲೆಕ್ಕಕ್ಕಿಲ್ಲ. ಮೊದಲ ನನಗ ಹಾಕ್ರಿ ಈ ಕಾಯದೆ."

ಮಾತು ಸರಿಯಿತ್ತು. ಸರಿಯಾದ ಮಾತು ಇನ್ನೊಬ್ಬರ ಬಾಯಿಂದ ಬಂದರೆ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ. ಆದರೂ ಒಪ್ಪಿದೆ. ಆದರೆ ಕಾಣದ್ದನ್ನು ಓದಿಸಬೇಕೆಂದರೆ ಎಲ್ಲಿಂದ ತರುವುದು? ಇದ್ದದ್ದು ಅದೊಂದೇ ಪುಸ್ತಕ. ಕೊನೆಗೆ ನಾನೇ ಫರಸಿಯ ಮೇಲೆ ದಿನಕ್ಕೊಂದಿಷ್ಟು ಹೊಸ ಮಾತು ಬರೆಯತೊಡಗಿದೆ. ಯಾರೂ ಬಾಯಿ ತೆರೆಯಬಾರದು, ಓದಿ, ಅದರಲ್ಲಿದ್ದ ಹಾಗೆ ಮಾಡಿ ತೋರಿಸಬೇಕು. ಬಾಯಿಯ ಕಾಟವೇ ಬೇಡ ಎಂದು ಹೂಡಿದ ಉಪಾಯ ಅದು. "ಎದ್ದು ಹೋಗಿ ಗಡಿಗೆಯ ನೀರು ಕುಡಿ" ಎಂದು ಬರೆದರೆ ಒಬ್ಬ ಎದ್ದು ಹೋಗಿ ಬಾಗಿಲು ಹಾಕಿ ಬರುವನು. "ಪಕ್ಕದವಳ ಜಡೆ ಮುಟ್ಟು" ಎಂದರೆ ಇನ್ನೊಬ್ಬ ನನ್ನ ಕಾಲು ಮುಟ್ಟುವನು. ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತಿತ್ತು. ಆದರೆ ಸರಿಯಾಗಿ ಓದಿದವರು ಯಾರು, ಓದದವರು ಯಾರು ಎನ್ನುವುದರಲ್ಲಿ ಒಂದು ಕೂದಲೆಳೆಯಷ್ಟೂ ಅನುಮಾನ ಉಳಿಯುತ್ತಿರಲಿಲ್ಲ.

ಒಮ್ಮೆ ಬೇಕೆಂತಲೇ, "ದೊಡ್ಡ ಮಾಸ್ತರರು ಒಂಟಿ ಕಾಲಿನ ಮೇಲೆ ನಿಲ್ಲಲಿ" ಎಂದು ಬರೆದೆ. ಅವರು ಕಲ್ಲಿನ ಮುಂದೆ ಬಗ್ಗಿ ಒಂದೊಂದೇ ಅಕ್ಷರದ ಮೇಲೆ ಬೆರಳು ಸರಿಸಿದರು. ಹುಡುಗರು ಅದಾಗಲೇ ಓದಿ ಮುಗಿಸಿ, ನಗು ತಡೆಯಲಾರದೆ ಬಾಯಿಗೆ ಅಂಗಿ ತುರುಕಿಕೊಂಡಿದ್ದರು. ಬೆರಳು ಕೊನೆಗೆ ಮುಟ್ಟಿತು. ಅವರು ನನ್ನನ್ನೊಮ್ಮೆ ಕೆಕ್ಕರಿಸಿ ನೋಡಿ, ಧೋತರ ಎತ್ತಿ ಕಟ್ಟಿ, ಗೋಡೆ ಹಿಡಿಯದೆ ಒಂಟಿ ಕಾಲಿನ ಮೇಲೆ ನಿಂತರು. ಆ ದಿನ ಅವರ ಗಿಡದ ಒಂದು ಕಾಯಿಯಲ್ಲಿ ಮೊದಲ ಕಾಳು ಬಿತ್ತು. ಅಂಬಿಗರ ಹುಡುಗಿ ತಾನೇ ಕೆಮ್ಮಣ್ಣು ಅದ್ದಿ ಇಟ್ಟಳು. ಹೋಳಿ ಹತ್ತಿರ ಬಂದಾಗ ಅವಳ ಎಲ್ಲ ಕಾಯಿಗಳೂ ತುಂಬಿದ್ದವು, ಅವರವು ಅರ್ಧಕ್ಕರ್ಧ ಖಾಲಿ ಇದ್ದವು. ಅದು ಮುರಿದು ಮುರಿದು ಬರುವ ಓದು, ಆದರೆ ಓದೇ. ಸಾಹೇಬರಿಗೆ ಅಷ್ಟು ಸಾಕಾದೀತೇ ಎಂದು ನನಗೆ ದಿಗಿಲು.

ಹೋಳಿ ಮುಗಿದ ಮೇಲೆ ಸಾಹೇಬರು ಬಂದರು. ಅವರೂ ಉರ್ದುವಿನಲ್ಲೇ ಬೆಳೆದವರು, ಕನ್ನಡ ಈಚೆಗೆ ಕಲಿತು ಪಾಸು ಮಾಡಿಕೊಂಡವರು. ಜಿಲ್ಲಾ ಕಚೇರಿಯಿಂದ ಬರುತ್ತ ವಾಡಿ ಸ್ಟೇಶನ್ನಿನಲ್ಲಿ ಗಾಡಿ ಬದಲಿಸುವಾಗ ಶೇಂಗಾ ಕೊಂಡಿದ್ದರು, ಪೊಟ್ಟಣ ಇನ್ನೂ ಕೈಯಲ್ಲಿತ್ತು. ಬಿಸಿಲು ಎಂದರೆ ಬಿಸಿಲು. ಬಂದವರೇ ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟು ಕರವಸ್ತ್ರದಿಂದ ತಲೆ ಒರೆಸಿಕೊಂಡರು. ತಲೆ ಫರಸಿಯಷ್ಟೇ ನುಣುಪು, ಹುಡುಕಿದರೂ ಒಂದು ಎಳೆ ಕೂದಲಿಲ್ಲ. ಮಕ್ಕಳೆಲ್ಲ ಅದನ್ನೇ ನೋಡುತ್ತ ಕೂತವು, ನಾನು ಕಣ್ಣು ದೊಡ್ಡದು ಮಾಡಿ ಹೆದರಿಸಿದೆ.

ಮಕ್ಕಳ ಪರೀಕ್ಷೆ ಚಂದವಾಗಿಯೇ ಆಯಿತು. ಗೋಡೆ ನೋಡಿ ಕಾಳು, ಜೊಳ್ಳು ಎಲ್ಲ ಕೇಳಿ ತಿಳಿದುಕೊಂಡರು. ಫರಸಿಯ ಮೇಲೆ ತಾವೇ ಏನೋ ಬರೆದರು. ಅಂಬಿಗರ ಹುಡುಗಿ ಓದಿ, ಓಡಿ ಹೋಗಿ, ಹೊರಗಿನಿಂದ ಬೇವಿನ ಟೊಂಗೆ ಮುರಿದು ತಂದು ಅವರ ಕೈಗಿತ್ತಳು. "ಬಹೋತ್ ಖೂಬ್!" ಎಂದರು. ಆಮೇಲೆ ಹೆಡ್‌ಮಾಸ್ತರರ ಕಡೆ ನೋಡಿ, "ನಿಮ್ಮದು?" ಎಂದು ಪುಸ್ತಕ ತೆರೆದು ಕೊಟ್ಟರು.

ಅದೃಷ್ಟ ಅಂದರೆ ಅದೃಷ್ಟ. ತೆರೆದದ್ದು ವಚನದ ಪುಟ. ಅದೂ ಅವರು ದಿನಾ ಬೆಳಗ್ಗೆ ಹಾಡುತ್ತಿದ್ದ ವಚನ. ನನಗೆ ಹೋದ ಜೀವ ಬಂದಂತಾಯಿತು. ಕಣ್ಣು ಮುಚ್ಚಿಕೊಂಡು ಹೇಳಿದರೂ ಪಾಸು. ಅವರು ಪುಸ್ತಕ ನೋಡಿದರು, ಮೊದಲ ಸಾಲಿನ ಮೇಲೆ ಬೆರಳಿಟ್ಟರು, ಬಾಯಿ ತೆರೆದರು. ಹಾಗೇ ಮುಚ್ಚಿದರು.

"ಸಾಹೇಬ್ರ, ಇದು ನನಗ ಸಣ್ಣಾಂವ ಇದ್ದಾಗಿಂದ ಬಾಯಾಗ ಬರ್ತದ್ರಿ. ಇದು ನಮ್ಮ ಸಾಲ್ಯಾಗ ಲೆಕ್ಕಕ್ಕಿಲ್ಲ. ಬ್ಯಾರೆ ಕೊಡ್ರಿ. ನನಗ ಗೊತ್ತಿಲ್ಲಾರದ್ದು ಕೊಡ್ರಿ."

ಅಯ್ಯೋ, ಈ ಮನುಷ್ಯನಿಗೆ ಏನು ದೆವ್ವ ಹಿಡಿಯಿತು ಎಂದು ಹಲ್ಲು ಕಡಿದೆ. ಕೈಗೆ ಬಂದದ್ದನ್ನು ಚೆಲ್ಲುವುದೇ? ಅವರು ಹೋದರೆ ಈ ಮಕ್ಕಳಿಗೆ, ನನಗೆ, ಯಾರು ದಿಕ್ಕು? ಆದರೆ ಮಕ್ಕಳೆಲ್ಲ ಅವರನ್ನೇ ನೋಡುತ್ತಿದ್ದವು, ಅವರಿಗೂ ಅದು ಗೊತ್ತಿತ್ತು. ಸಾಹೇಬರು ಹುಬ್ಬೇರಿಸಿದರು. ಆ ಪುಸ್ತಕವೆಲ್ಲ ಇವರಿಗೆ ಬಾಯಲ್ಲಿ ಬರುತ್ತದೆ ಎಂದಾದ ಮೇಲೆ ಏನು ಕೊಡುವುದು? ಸುತ್ತಮುತ್ತ ನೋಡಿ, ಉಳಿದ ಶೇಂಗಾ ಮೇಜಿನ ಮೇಲೆ ಸುರುವಿ, ಪೊಟ್ಟಣದ ಕಾಗದ ಬಿಡಿಸಿ, ತಾವು ನೋಡದೆಯೇ ಮುಂದೆ ಚಾಚಿದರು. ಯಾವುದೋ ಕನ್ನಡ ಪತ್ರಿಕೆಯ ತುಂಡು.

ಹೆಡ್‌ಮಾಸ್ತರರು ಕಾಗದ ನೀವಿಕೊಂಡರು. ಬೆರಳು ಸರಿಯಿತು. "ತ... ಲೆ... ಯ... ತಲೆಯ. ಮೇ... ಲೆ. ತಲೆಯ ಮೇಲೆ." ಮಕ್ಕಳ ತುಟಿಗಳೂ ಅವರ ಜೊತೆ ಅಲುಗುತ್ತಿದ್ದವು. ಬೆರಳು ಮುಂದಿನ ಶಬ್ದಕ್ಕೆ ಹೋಯಿತು, ಅದರ ಮುಂದಿನದಕ್ಕೂ ಹೋಯಿತು, ಸಾಲಿನ ಕೊನೆಯ ತನಕ ಹೋಯಿತು. ಬಾಯಿ ಮಾತ್ರ ನಿಂತುಬಿಟ್ಟಿತು. ಮುಖ ಕೆಂಪಾಯಿತು.

"ಮುಂದ?" ಎಂದರು ಸಾಹೇಬರು.

"ಬ್ಯಾಡ್ರಿ ಸಾಹೇಬ್ರ."

"ಯಾಕ? ಓದಲಿಕ್ಕಿ ಬರಾಂಗಿಲ್ಲೇನು?"

"ಬರ್ತದ್ರಿ. ಆದ್ರ ಓದಾಂಗಿಲ್ಲ."

"ಇದೇನು ತಮಾಷಿ ಮಾಸ್ತರ್? ಬರಾಂಗಿಲ್ಲ ಅಂತ ಬರಕೊಳ್ಳಲೇನು?"

ಹೆಡ್‌ಮಾಸ್ತರರು ಕೋಣೆಯನ್ನೆಲ್ಲ ನೋಡಿದರು. ಗೋಡೆ, ಮಕ್ಕಳು, ಬಾಗಿಲು. "ಬರಕೊಳ್ರಿ" ಎಂದರು.

ನಾನು ಎದ್ದು ನಿಂತೆ. ಏನು ಹೇಳುತ್ತಿದ್ದೆನೋ ದೇವರಿಗೇ ಗೊತ್ತು. ಅಷ್ಟರಲ್ಲಿ ಸಾಹೇಬರು ಕಾಗದವನ್ನು ಅವರ ಕೈಯಿಂದ ಕಸಿದುಕೊಂಡು ತಾವೇ ಬೆರಳಿಟ್ಟು ಓದತೊಡಗಿದರು. ಅವರ ಓದೂ ಹೆಡ್‌ಮಾಸ್ತರರಿಗಿಂತ ಚುರುಕೇನೂ ಇರಲಿಲ್ಲ. "ತಲೆಯ... ಮೇಲೆ... ಕೂ... ದ... ಲಿ... ಲ್ಲ... ದೆ..." ಬೆರಳು ಮುಂದೆ ಸರಿಯಿತು. "ಕೂದಲಿಲ್ಲದೆ... ನಾಲ್ಕು... ಜನರ... ಮುಂದೆ... ನಾ... ಚು... ವ... ಮಹನೀಯರೇ!" ಅದು ಯಾವುದೋ ಎಣ್ಣೆಯ ಜಾಹೀರಾತು. ಸಾಹೇಬರ ಎಡಗೈ ತಾನಾಗಿ ಎದ್ದು ತಮ್ಮ ತಲೆಯ ಮೇಲೆ ಹೋಗಿ ಕೂತಿತು.

ಯಾರೂ ನಗಲಿಲ್ಲ. ನಗಲು ಧೈರ್ಯವಿರಲಿಲ್ಲ.

"ಇದು ನೀವು ಪೂರಾ ಓದಿದ್ರೇನು?" ಎಂದು ಮೆಲ್ಲಗೆ ಕೇಳಿದರು.

"ಓದಿದೆರಿ."

"ಓದಿ, ಬಾಯಿ ಬಿಡಲಿಲ್ಲ. ನೌಕರಿ ಹೋದರೂ ಹೋಗಲಿ ಅಂದ್ರಿ."

"ನಮ್ಮ ಸಾಲಿಗಿ ಬಂದ ಮೆಹಮಾನ್ ಅದೀರಿ ಸಾಹೇಬ್ರ ನೀವು. ಹುಡುಗರ ಮುಂದ ಹ್ಯಾಂಗ ಅನ್ನಲಿ?"

ಸಾಹೇಬರು ನಗಲು ಶುರು ಮಾಡಿದರು ನೋಡಿ, ಶೇಂಗಾ ಎಲ್ಲ ಮೇಜಿನಿಂದ ಕೆಳಗೆ ಉರುಳಿದವು. ಕಣ್ಣೊರೆಸಿಕೊಂಡು, ಟೊಪ್ಪಿಗೆ ಹಾಕಿಕೊಂಡು, "ಅರೆ ಭಾಯಿ, ಇಷ್ಟು ಛಲೋ ಓದಿದವರನ್ನ ನಾ ಈ ತಾಲೂಕಿನ್ಯಾಗ ಕಂಡಿಲ್ಲ. ಪಾಸ್!" ಎಂದರು. ಆಮೇಲೆ ಮಕ್ಕಳು ಎಬ್ಬಿಸಿದ ಗದ್ದಲಕ್ಕೆ ಹೊರಗೆ ಕಟ್ಟಿದ್ದ ಎತ್ತು ಹಗ್ಗ ಕಿತ್ತುಕೊಂಡು ಓಡಿತು.

ಸಾಹೇಬರನ್ನು ಕಳಿಸಿ ನಾನು ಮರಳಿ ಬಂದೆ. ಹೆಡ್‌ಮಾಸ್ತರರು ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಸಾಹೇಬರು ಬಿಟ್ಟುಹೋದ ಅದೇ ಪತ್ರಿಕೆಯ ತುಂಡು ತೊಡೆಯ ಮೇಲಿತ್ತು. ಎಣ್ಣೆಯ ಬೆಲೆ ಓದಿದರು, ಅದು ಸಿಗುವ ಅಂಗಡಿ ಓದಿದರು, ಆ ಪಕ್ಕದಲ್ಲಿ ಅರ್ಧ ಹರಿದುಹೋಗಿದ್ದ ಯಾವುದೋ ಊರಿನ ಮಳೆಯ ಸುದ್ದಿ ಓದಿದರು. ಐವತ್ತು ದಾಟಿದ ಆ ಮನುಷ್ಯ ಯಾರೂ ಹೇಳಿಕೊಡದ ಮಾತನ್ನು ಕಣ್ಣಿನಿಂದ ಕೇಳುತ್ತ ಕೂತಿದ್ದನ್ನು ನೋಡುತ್ತ ನಿಂತೆ. ಅಳು ಮುಚ್ಚಿಕೊಳ್ಳಲು ಜೋರು ಮಾಡಿದೆ: ಊಟದ ಹೊತ್ತು ಮೀರಿದೆ, ಮನೆಯಲ್ಲಿ ರೊಟ್ಟಿ ಆರಿ ಹಪ್ಪಳವಾಗಿರುತ್ತದೆ, ಏಳಿರಿ, ಅದನ್ನು ನಾಳೆ ಓದಿದರಾಯಿತು ಎಂದೆ.

ಅವರು ಬೆರಳು ಎತ್ತಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಏ, ತಡೀರಿ ಅಕ್ಕೋರ" ಎಂದರು. "ಇದರ ಮುಂದ ಏನದ ಅಂಬೂದು ನನಗ ಗೊತ್ತೇ ಇಲ್ಲ."